ತಿರುಗದ ಕೀ, ಹೊರಡದ ಅಂಬಾಸಿಡರ್

ಬದಿಯಡ್ಕ: ಆಟಿ ತಿಂಗಳ ಮಳೆ ಬಿಡದೆ ಸುರಿಯುತ್ತಿದ್ದ 2024ರ ಜುಲೈ ಕೊನೆಯ ಒಂದು ಬೆಳಗ್ಗೆ. ಬದಿಯಡ್ಕ ಸಮೀಪದ ಅಡಿಕೆ ಕೃಷಿಕರೊಬ್ಬರ ಮನೆಯ ಶೆಡ್ಡಿನಲ್ಲಿ 1984ರ ಅಂಬಾಸಿಡರ್ ಕಾರು ನಿಂತಿದೆ. ಬಾಗಿಲು ತೆರೆಯಿತು, ಸೀಟಿನಲ್ಲಿ ಕುಳಿತದ್ದೂ ಆಯಿತು. ಆದರೆ ಕೀ ಹಾಕಿದರೆ ತಿರುಗುವುದೇ ಇಲ್ಲ. ಬಲಕ್ಕೂ ಇಲ್ಲ, ಎಡಕ್ಕೂ ಇಲ್ಲ. ಸ್ಟೀರಿಂಗ್ ಕೂಡ ಬೀಗ ಬಿದ್ದು ಕಲ್ಲಿನ ಹಾಗೆ ಕೂತಿದೆ.

ಕಾರಿನ ಯಜಮಾನರು ಕನ್ನಡ ಮಾಧ್ಯಮ ಶಾಲೆಯ ನಿವೃತ್ತ ಅಧ್ಯಾಪಕರು. ಊರಿಗೆಲ್ಲ 'ಮಾಷ್ಟ್ರು'. ಬೇರೆ ದಿನವಾಗಿದ್ದರೆ ಮಾಷ್ಟ್ರು ಕೊಡೆ ಹಿಡಿದು ಬಸ್ಸಿಗೆ ಹೋಗುತ್ತಿದ್ದರು. ಆದರೆ ಕಾರಿನ ನೋಂದಣಿ ಅವಧಿ ಮುಗಿಯಲು ಉಳಿದಿದ್ದುದು ಎರಡೇ ವಾರ. ಅಷ್ಟರೊಳಗೆ ಕಾರನ್ನು ಕಾಸರಗೋಡಿನ ಆರ್‌ಟಿಒ ಕಚೇರಿಗೆ ಕೊಂಡೊಯ್ದು ತೋರಿಸಬೇಕು. ಹೊರಡದ ಕಾರನ್ನು ತೋರಿಸುವುದು ಹೇಗೆ?

ಜಿಲ್ಲೆಯಷ್ಟೇ ಪ್ರಾಯದ ಕಾರು

ಕಣ್ಣೂರು ಜಿಲ್ಲೆಯಿಂದ ಬೇರ್ಪಟ್ಟು ಕಾಸರಗೋಡು ಜಿಲ್ಲೆಯಾದದ್ದು 1984ರ ಮೇ 24ರಂದು. ಅದೇ ವರ್ಷದ ಆಗಸ್ಟಿನಲ್ಲಿ ಈ ಕಾರು ಮನೆಗೆ ಬಂತು. ತಂದದ್ದು ಮಾಷ್ಟ್ರ ಅಪ್ಪ. ಅಡಿಕೆಗೆ ಒಳ್ಳೆಯ ಕ್ರಯ ಸಿಕ್ಕಿದ ವರ್ಷ ಅದು ಎಂದು ಮನೆಯವರು ನೆನಪಿಸಿಕೊಳ್ಳುತ್ತಾರೆ. ಆಗ ಆ ಭಾಗದಲ್ಲಿ ಕಾರಿದ್ದ ಮನೆಗಳು ಬೆರಳೆಣಿಕೆಯಷ್ಟು. ರಾತ್ರಿ ಯಾರಿಗೆ ಹೆರಿಗೆ ನೋವು ಬಂದರೂ, ತೋಟದಲ್ಲಿ ಯಾರು ಅಡಿಕೆ ಮರದಿಂದ ಬಿದ್ದರೂ ಈ ಕಾರೇ ಮಂಗಳೂರಿಗೆ ಓಡಬೇಕು. ಗಡಿನಾಡಿನ ಕನ್ನಡಿಗರಿಗೆ ದೊಡ್ಡ ಆಸ್ಪತ್ರೆ ಎಂದರೆ ಅಂದೂ ಮಂಗಳೂರು, ಇಂದೂ ಮಂಗಳೂರು.

2020ರ ಮಾರ್ಚಿನಲ್ಲಿ ಕೊರೊನಾ ಕಾರಣಕ್ಕೆ ತಲಪಾಡಿ ಗಡಿ ಮುಚ್ಚಿದಾಗ ಕಾರು ಶೆಡ್ಡು ಸೇರಿತು. ಆ ಮೇಲೆ ಅದು ಹೊರಗೆ ಬಂದದ್ದು ಕಡಿಮೆ. ಮಾಷ್ಟ್ರಿಗೂ ಪ್ರಾಯವಾಯಿತು. ವಾರಕ್ಕೊಮ್ಮೆ ಸ್ಟಾರ್ಟ್ ಮಾಡುತ್ತಿದ್ದುದು ತಿಂಗಳಿಗೊಮ್ಮೆ ಆಯಿತು, ಮಳೆಗಾಲದಲ್ಲಿ ಅದೂ ಇಲ್ಲ.

ಕೀ ತಿರುಗದ ಸುದ್ದಿ ಬೆಂಗಳೂರಿನಲ್ಲಿರುವ ಮಗನಿಗೆ ಫೋನಿನಲ್ಲಿ ಹೋಯಿತು. "ಅಪ್ಪಾ, ಸಾಕು ಅದರ ಸೇವೆ. ಗುಜರಿಯವರಿಗೆ ಕೊಟ್ಟುಬಿಡಿ, ನಿಮಗೆ ಓಡಾಡ್ಲಿಕ್ಕೆ ಸಣ್ಣ ಕಾರು ತೆಗೆಸಿ ಕೊಡ್ತೇನೆ" ಎಂದ ಮಗ. ಮಾಷ್ಟ್ರು ಉತ್ತರ ಕೊಡಲಿಲ್ಲ. ಫೋನನ್ನು ಹೆಂಡತಿಯ ಕೈಗೆ ಕೊಟ್ಟು ಶೆಡ್ಡಿಗೆ ನಡೆದರು.

ಇಕ್ಕಳ ತಂದ ನೆರೆಮನೆಯ ಹುಡುಗ

ಮಧ್ಯಾಹ್ನದ ಹೊತ್ತಿಗೆ ಸಲಹೆಗಳು ಬಂದವು. ಒಬ್ಬರು ತೆಂಗಿನೆಣ್ಣೆ ಹಾಕಿ ಎಂದರು. ಇನ್ನೊಬ್ಬರು ಬೀಗ ಒಡೆದು ವಯರು ಜೋಡಿಸಿ ಎಂದರು. ನೆರೆಮನೆಯ ಹುಡುಗ ಇಕ್ಕಳವನ್ನೇ ಹಿಡಿದು ಬಂದ. ಕೀಯ ತಲೆಯನ್ನು ಇಕ್ಕಳದಲ್ಲಿ ಹಿಡಿದು ಒಂದು ತಿರುಪು ಕೊಟ್ಟರೆ ಆಯಿತು ಎಂಬುದು ಅವನ ಲೆಕ್ಕ. ಮಾಷ್ಟ್ರು ತಡೆದರು. ತಡೆದದ್ದೇ ಒಳ್ಳೆಯದಾಯಿತು ಎಂದು ಗೊತ್ತಾದದ್ದು ಸಂಜೆ, ಮೆಕ್ಯಾನಿಕ್ ಬಂದ ಮೇಲೆ.

ಬದಿಯಡ್ಕ ಪೇಟೆಯಲ್ಲಿ ಬಹಳ ವರ್ಷಗಳಿಂದ ಗ್ಯಾರೇಜ್ ಇಟ್ಟುಕೊಂಡಿರುವ ಈ ಮೆಕ್ಯಾನಿಕ್ ಮಾಷ್ಟ್ರ ಹಳೇ ಶಿಷ್ಯ. ಅಂಬಾಸಿಡರ್, ಪದ್ಮಿನಿ, ಜೀಪುಗಳ ಕೆಲಸ ಕಲಿತು ಬೆಳೆದವರು. ಅವರು ಬಂದವರೇ ಕೀ ಮುಟ್ಟಲಿಲ್ಲ. ಮೊದಲು ನೋಡಿದ್ದು ಮುಂದಿನ ಚಕ್ರವನ್ನು.

"ಮಾಷ್ಟ್ರೇ, ಚಕ್ರ ಮುರಕಲ್ಲಿಗೆ ಒತ್ತಿ ನಿಂತದೆ ನೋಡಿ. ಸ್ಟೀರಿಂಗ್ ತಿರುಗಿಸಿಯೇ ನಿಲ್ಲಿಸಿದ್ದೀರಿ."

"ಕಾರು ಜಾರ್ಬಾರ್ದು ಅಂತ ಹಾಗೆ ನಿಲ್ಲಿಸಿದ್ದು ಮಾರಾಯ. ಅದಕ್ಕೂ ಕೀಗೂ ಎಂತ ಸಂಬಂಧ?"

ಸಂಬಂಧ ಇದೆ. ಮೊದಮೊದಲ ಅಂಬಾಸಿಡರ್‌ಗಳಲ್ಲಿ ಕೀ ಎಂದರೆ ಡ್ಯಾಶ್‌ಬೋರ್ಡಿನಲ್ಲಿರುವ ಒಂದು ಕರೆಂಟಿನ ಸ್ವಿಚ್ಚು, ಅಷ್ಟೆ. ಮಾಷ್ಟ್ರ ಅಪ್ಪ 1990ರ ದಶಕದಲ್ಲಿ, ಕಳ್ಳರ ಭಯಕ್ಕೆ, ಸ್ಟೀರಿಂಗ್ ಲಾಕ್ ಇರುವ ಸ್ವಿಚ್ಚನ್ನು ಸ್ಟೀರಿಂಗ್ ಕಂಬಕ್ಕೆ ಹಾಕಿಸಿದ್ದರು. ಕೀ ತೆಗೆದಾಗ ಇದರೊಳಗಿನ ಒಂದು ಉಕ್ಕಿನ ನಾಲಗೆ ಹೊರಗೆ ಬಂದು ಸ್ಟೀರಿಂಗ್ ದಂಡದ ಗಾಡಿಯಲ್ಲಿ ಕೂರುತ್ತದೆ. ಚಕ್ರಕ್ಕೆ ಒತ್ತಡವಿದ್ದರೆ ಆ ಒತ್ತಡವೆಲ್ಲ ಸ್ಟೀರಿಂಗ್ ದಂಡದ ಮೂಲಕ ನಾಲಗೆಯ ಮೇಲೆ ಬೀಳುತ್ತದೆ. ಆಗ ನಾಲಗೆ ಸಿಕ್ಕಿಕೊಂಡು ಕೀ ತಿರುಗುವುದಿಲ್ಲ. ಎಷ್ಟೋ ಸಲ ಇಡೀ ತೊಂದರೆ ಇಷ್ಟೇ ಆಗಿರುತ್ತದೆ. ಒಂದು ಕೈಯಲ್ಲಿ ಸ್ಟೀರಿಂಗನ್ನು ಆಚೆ ಈಚೆ ಅಲುಗಿಸುತ್ತ ಇನ್ನೊಂದು ಕೈಯಲ್ಲಿ ಮೆಲ್ಲನೆ ಕೀ ತಿರುಗಿಸಿದರೆ ಬಿಟ್ಟುಕೊಳ್ಳುತ್ತದೆ.

ಇಲ್ಲಿ ಕೈಯ ಬಲ ಸಾಲಲಿಲ್ಲ. ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಮುಂದೆ ಜಾಕ್ ಹಾಕಿ ಎತ್ತಿದರು. ಚಕ್ರ ನೆಲ ಬಿಟ್ಟ ಕೂಡಲೇ ಸ್ಟೀರಿಂಗಿಗೆ ಒಂದಿಷ್ಟು ಸಡಿಲ ಬಂತು. ಆದರೂ ಕೀ ಕೂದಲೆಳೆಯಷ್ಟು ಅಲುಗಿ ನಿಂತಿತು. ಅಂದರೆ ತೊಂದರೆ ಒಂದಲ್ಲ, ಎರಡು.

ತೆಂಗಿನೆಣ್ಣೆಯ ಉಪಕಾರ

ಎರಡನೆಯದಕ್ಕೆ ಕಾರಣ ಮನೆಯ ಅಡುಗೆ ಕೋಣೆಯಲ್ಲೇ ಇತ್ತು. ಕೀ ಬಿಗಿಯಾದಾಗಲೆಲ್ಲ ಎರಡು ಹನಿ ತೆಂಗಿನೆಣ್ಣೆ ಬಿಡುವುದು ಈ ಮನೆಯ ರೂಢಿ. ಬಾಗಿಲ ಚಿಲಕಕ್ಕೆ, ಪೆಟ್ಟಿಗೆಯ ಬೀಗಕ್ಕೆ ಬಿಟ್ಟ ಹಾಗೆಯೇ ಕಾರಿಗೂ. ಆ ದಿನಕ್ಕೆ ಕೀ ಸಲೀಸಾಗಿ ತಿರುಗುತ್ತಿತ್ತು. ಆದರೆ ವರ್ಷಗಳು ಕಳೆದಂತೆ ಆ ಎಣ್ಣೆ ಹಳಸಿ ಅಂಟಾಗುತ್ತದೆ. ಅಡಿಕೆ ಸುಲಿಯುವ, ಒಣಗಿಸುವ ಅಂಗಳದ ಧೂಳು ಅದಕ್ಕೆ ಮೆತ್ತಿಕೊಳ್ಳುತ್ತದೆ. ಸಾಲದ್ದಕ್ಕೆ ಮಳೆಗಾಲದ ತೇವ.

ಬೀಗದೊಳಗೆ ನಡೆಯುವುದು ಇಷ್ಟು. ಕೀ ಹೋಗುವ ಉರುಳೆಯಲ್ಲಿ ಹಿತ್ತಾಳೆಯ ತೆಳುವಾದ ಬಿಲ್ಲೆಗಳು ಸಾಲಾಗಿ ಕೂತಿರುತ್ತವೆ. ಪ್ರತಿಯೊಂದಕ್ಕೂ ಒಂದು ಸಣ್ಣ ಸ್ಪ್ರಿಂಗ್. ಕೀ ಇಲ್ಲದಿರುವಾಗ ಸ್ಪ್ರಿಂಗ್ ಈ ಬಿಲ್ಲೆಗಳನ್ನು ಹೊರಕ್ಕೆ ತಳ್ಳಿ, ಉರುಳೆ ತಿರುಗದಂತೆ ಹಿಡಿದಿಡುತ್ತದೆ. ಸರಿಯಾದ ಕೀ ಒಳಗೆ ಹೋದಾಗ ಅದರ ಹಲ್ಲುಗಳು ಒಂದೊಂದು ಬಿಲ್ಲೆಯನ್ನೂ ಬೇಕಾದಷ್ಟೇ ಸರಿಸಿ, ಎಲ್ಲವನ್ನೂ ಉರುಳೆಯ ಅಂಚಿಗೆ ಸಮ ಮಾಡುತ್ತವೆ. ಒಂದೇ ಒಂದು ಬಿಲ್ಲೆ ಅಂಟಿಕೊಂಡು ಹೊರಗೆ ಉಳಿದರೂ ಉರುಳೆ ತಿರುಗದು.

ಮೆಕ್ಯಾನಿಕ್ ಮೊದಲು ಬ್ಯಾಟರಿಯ ವಯರು ಕಳಚಿದರು. ಬೀಗ ತೊಳೆಯಲು ಬಳಸುವ ಸ್ಪ್ರೇಗಳಿಗೆ ಬೆಂಕಿ ಬೇಗ ಹತ್ತುತ್ತದೆ. ಬೀಗದ ಹಿಂದೆಯೇ ಬ್ಯಾಟರಿಯ ಕರೆಂಟು ಇರುತ್ತದೆ, ಒಂದು ಕಿಡಿ ಸಾಕು. ಆಮೇಲೆ ಸ್ಪ್ರೇಯ ಸಪೂರ ನಳಿಗೆಯನ್ನು ಕೀ ತೂತಿಗೆ ಇಟ್ಟು ಬಿಟ್ಟರು. ಕೀ ಹಾಕುವುದು, ತೆಗೆಯುವುದು, ಬಟ್ಟೆಯಲ್ಲಿ ಒರೆಸುವುದು. ಪ್ರತಿ ಸಲವೂ ಬಟ್ಟೆಗೆ ಕಪ್ಪು ಮಡ್ಡಿ. ಇಪ್ಪತ್ತು ಸಲವಾದ ಮೇಲೆ ಮಡ್ಡಿ ತೆಳುವಾಯಿತು. ಕೀಯನ್ನು ಹಗುರವಾಗಿ ತಿರುವಿ ಹಿಡಿದು ಸ್ಕ್ರೂಡ್ರೈವರಿನ ಮರದ ಹಿಡಿಯಿಂದ ಮೆತ್ತಗೆ ತಟ್ಟಿದರು. ಆ ಅದುರಿಗೆ ಅಂಟಿದ ಬಿಲ್ಲೆಗಳು ಬಿಡುವುದುಂಟು. ಕತ್ತಲಾಯಿತು, ಬೀಗ ಬಿಡಲಿಲ್ಲ.

"ಒಡೆಯುದು ದೊಡ್ಡ ಕೆಲಸ ಅಲ್ಲ ಮಾಷ್ಟ್ರೇ. ಡ್ರಿಲ್ ಹಾಕಿದ್ರೆ ಅರ್ಧ ಗಂಟೆ. ಆದ್ರೆ ಇದಕ್ಕೆ ಸರಿ ಕೂರುವ ಬೀಗ ಎಲ್ಲಿ ಸಿಗ್ತದೆ, ಯಾವಾಗ ಸಿಗ್ತದೆ ಅಂತ ನಾನು ಹೇಳ್ಲಿಕ್ಕಿಲ್ಲ" ಎಂದರು ಮೆಕ್ಯಾನಿಕ್. ಪಶ್ಚಿಮ ಬಂಗಾಳದ ಉತ್ತರಪಾಡಾದ ಹಿಂದುಸ್ತಾನ್ ಮೋಟಾರ್ಸ್ ಕಾರ್ಖಾನೆಯಲ್ಲಿ ಅಂಬಾಸಿಡರ್ ತಯಾರಿ ನಿಂತದ್ದು 2014ರ ಮೇಯಲ್ಲಿ. ಅಂದಿನಿಂದ ಬಿಡಿಭಾಗ ಹುಡುಕುವುದು ವರ್ಷದಿಂದ ವರ್ಷಕ್ಕೆ ಕಷ್ಟವಾಗಿದೆ.

ವಯರು ಜೋಡಿಸಿ ಹೊರಡಿಸುವ ಮಾತನ್ನು ಅವರು ಕೇಳಲೂ ಒಪ್ಪಲಿಲ್ಲ. ಸ್ಟೀರಿಂಗ್ ಬೀಗ ಬಿದ್ದಿರುವಾಗ ಇಂಜಿನ್ ಹೊರಟು ಪ್ರಯೋಜನವೇನು? ಅಂಬಾಸಿಡರಿಗೆ ಎದುರಿನಿಂದ ಹ್ಯಾಂಡಲ್ ತೂರಿಸಿ ತಿರುಗಿಸಿ ಹೊರಡಿಸುವ ಕ್ರಮವೂ ಇದೆ. ಆದರೆ ಪೆಟ್ರೋಲ್ ಕಾರಿನಲ್ಲಿ ಸ್ವಿಚ್ ಆನ್ ಆಗದೆ ಕಿಡಿ ಬರುವುದಿಲ್ಲ, ಹ್ಯಾಂಡಲ್ ಎಷ್ಟು ತಿರುಗಿಸಿದರೂ ಅಷ್ಟೆ.

ಮಾವನ ಪೆಟ್ಟಿಗೆ

ಹೊರಡುವ ಮುಂಚೆ ಮೆಕ್ಯಾನಿಕ್ ಕೀಯನ್ನು ಬಲ್ಬಿನ ಬೆಳಕಿಗೆ ಹಿಡಿದರು. ಹಲ್ಲುಗಳ ಏಣು ಸವೆದು ಉರುಟಾಗಿತ್ತು.

"ಇದು ಅಸಲು ಕೀಯಾ ಮಾಷ್ಟ್ರೇ?"

ಅಸಲು ಅಲ್ಲ. ಮೊದಲ ಕೀ ಕಳೆದುಹೋದದ್ದು ಹಿಂದೆಯೇ. ಅದರ ನಕಲು ಒಂದಿತ್ತು, ಅದು ಸವೆದಾಗ ನಕಲಿನ ನಕಲು ಮಾಡಿಸಿದ್ದರು. ಸವೆದ ಕೀ ನೋಡಿ ಕತ್ತರಿಸಿದರೆ ಆ ಸವಕಳಿಯೂ ಹೊಸ ಕೀಗೆ ಇಳಿಯುತ್ತದೆ. ಅದು ಬಿಲ್ಲೆಗಳನ್ನು ಸರಿಸುತ್ತದೆ, ಆದರೆ ಪೂರ್ತಿ ಸರಿಸುವುದಿಲ್ಲ. ಎಣ್ಣೆ ಮೆತ್ತಗಿರುವ ತನಕ ಹೇಗೋ ನಡೆಯುತ್ತದೆ, ಅಂಟಾದಾಗ ನಿಂತುಬಿಡುತ್ತದೆ. ಇಂತಹ ಕೀಯನ್ನು ಇಕ್ಕಳದಲ್ಲಿ ತಿರುಪಿದ್ದರೆ ಅದು ಬೀಗದೊಳಗೇ ಮುರಿಯುತ್ತಿತ್ತು. ಆ ಮೇಲೆ ಡ್ರಿಲ್ ಬಿಟ್ಟು ಬೇರೆ ದಾರಿ ಉಳಿಯುತ್ತಿರಲಿಲ್ಲ.

ಜಗಲಿಯಲ್ಲಿ ಚಹಾ ಹಿಡಿದು ನಿಂತಿದ್ದ ಮಾಷ್ಟ್ರ ಹೆಂಡತಿ ಆಗ ಬಾಯಿ ಬಿಟ್ಟರು: "ಮಾವನ ಪೆಟ್ಟಿಗೆಯಲ್ಲಿ ಒಂದು ಕೀ ಉಂಟಲ್ಲ, ದಾರ ಕಟ್ಟಿದ್ದು. ಅದು ಎಂತದ್ದೂಂತ ನೋಡಿದ್ದೀರಾ?"

ಯಾರೂ ನೋಡಿರಲಿಲ್ಲ. ಹಳೇ ಆಧಾರ ಪತ್ರ, ಅಡಿಕೆ ಮಂಡಿಯ ಚೀಟಿಗಳ ನಡುವೆ ಆ ಕೀ ಇತ್ತು. ಸ್ಟೀರಿಂಗ್ ಲಾಕಿನ ಜೊತೆ ಬಂದ ಎರಡರಲ್ಲಿ ಎರಡನೆಯದು. ಮಾಷ್ಟ್ರ ಅಪ್ಪ ಅದನ್ನು ಬಳಸದೆ ಎತ್ತಿಟ್ಟಿದ್ದರು. ಹಲ್ಲುಗಳ ಏಣು ಹೊಸತರಂತೆಯೇ ಇತ್ತು. ಎರಡನ್ನೂ ಬೆನ್ನಿಗೆ ಬೆನ್ನು ಇಟ್ಟು ನೋಡಿದಾಗ ವ್ಯತ್ಯಾಸ ಬರಿಗಣ್ಣಿಗೇ ಕಾಣುತ್ತಿತ್ತು.

ಮರುದಿನ ಬೆಳಗ್ಗೆ ಇನ್ನೊಮ್ಮೆ ತೊಳೆದು, ಗಾಳಿ ಬಿಟ್ಟು, ಸ್ಟೀರಿಂಗ್ ಅಲುಗಿಸುತ್ತ ಆ ಕೀ ತಿರುಗಿಸಿದರು. ಮೂರನೇ ಸಲಕ್ಕೆ 'ಟಕ್' ಎಂದು ಬಿಟ್ಟುಕೊಂಡಿತು. ಬ್ಯಾಟರಿ ಜೋಡಿಸಿ, ಚೋಕ್ ಎಳೆದು, ಸ್ವಲ್ಪ ಸತಾಯಿಸಿದ ಮೇಲೆ ಇಂಜಿನ್ ಹೊರಟಿತು. ಮಾಷ್ಟ್ರು ಮಗನಿಗೆ ಫೋನ್ ಮಾಡಲಿಲ್ಲ. ಹೆಂಡತಿಯೇ ಮಾಡಿ ಇಂಜಿನಿನ ಶಬ್ದ ಕೇಳಿಸಿದರು.

ಕೆಲಸ ಅಲ್ಲಿಗೆ ಮುಗಿಯಲಿಲ್ಲ

ಕೀ ತಿರುಗಿತೆಂದು ಹಾಗೆಯೇ ಓಡಿಸಲು ಮೆಕ್ಯಾನಿಕ್ ಬಿಡಲಿಲ್ಲ. ಇಂತಹ ಬೀಗಗಳ ಉರುಳೆ ಹೊರಬರುವುದು ಕೀಯನ್ನು ಒಂದು ನಿರ್ದಿಷ್ಟ ಜಾಗಕ್ಕೆ ತಿರುಗಿಸಿ, ಪಕ್ಕದ ಸಣ್ಣ ತೂತಿನಲ್ಲಿ ಪಿನ್ ಒತ್ತಿದಾಗ ಮಾತ್ರ. ಕೀ ತಿರುಗದಿದ್ದರೆ ಬಿಚ್ಚಲೂ ಆಗದು. ಬೀಗವನ್ನು ಕಂಬಕ್ಕೆ ಹಿಡಿದಿರುವ ಬೋಲ್ಟುಗಳ ತಲೆ ಬಿಗಿಯುವಾಗಲೇ ಮುರಿದು ಹೋಗುವಂತೆ ಮಾಡಿರುತ್ತಾರೆ, ಕಳ್ಳರು ಬಿಚ್ಚಬಾರದೆಂದು. ಹಾಗಾಗಿ ತಿರುಗಿದ ದಿನವೇ ಉರುಳೆ ತೆಗೆದು ಪೂರ್ತಿ ತೊಳೆಯುವುದು ಜಾಣತನ.

ತೊಳೆದು ಒಣಗಿಸಿದ ಮೇಲೆ ಎಣ್ಣೆ ಹಾಕಲಿಲ್ಲ. ಒಣ ಗ್ರಾಫೈಟ್ ಪುಡಿ ಹಾಕಿದರು. ಅದು ಜಾರುತ್ತದೆ, ಧೂಳನ್ನು ಹಿಡಿಯುವುದಿಲ್ಲ. ಪೆನ್ಸಿಲಿನ ಕಡ್ಡಿಯಲ್ಲಿರುವುದೂ ಗ್ರಾಫೈಟೇ ಎಂದು ಶಿಷ್ಯ ಹೇಳಿದಾಗ, "ಅದನ್ನು ನಿನಗೆ ಹೇಳಿಕೊಟ್ಟದ್ದು ನಾನೇ ಅಲ್ವಾ" ಎಂದು ಮಾಷ್ಟ್ರು ನಕ್ಕರು.

ಹಳೇ ಕೀ ನೋಡಿ ಎರಡು ಹೊಸ ಕೀ ಮಾಡಿಸಿದರು. ಹಳೇದು ಮತ್ತೆ ಅಪ್ಪನ ಪೆಟ್ಟಿಗೆಗೆ ಹೋಯಿತು. ಎರಡು ಬಿಲ್ಲೆಗಳೂ ಸವೆದಿವೆ, ಮುಂದೊಂದು ದಿನ ಬದಲಿಸಲೇಬೇಕು ಎಂದು ಮೆಕ್ಯಾನಿಕ್ ಎಚ್ಚರಿಸಿದ್ದಾರೆ.

ಖಾಸಗಿ ಕಾರಿನ ನೋಂದಣಿ ಮೊದಲ 15 ವರ್ಷದ ಬಳಿಕ ಐದೈದು ವರ್ಷಕ್ಕೆ ನವೀಕರಣವಾಗಬೇಕು. 1999ರಲ್ಲಿ ಮೊದಲ ಸಲ ನವೀಕರಣಗೊಂಡ ಈ ಕಾರು ಆಗಸ್ಟಿನಲ್ಲಿ ತಪಾಸಣೆ ಮುಗಿಸಿ ಬಂತು. ಈಗ ಅವಧಿ 2029ರ ವರೆಗೆ. ಐವತ್ತು ವರ್ಷ ದಾಟಿದ ವಾಹನಗಳಿಗೆ ವಿಂಟೇಜ್ ನೋಂದಣಿ ಕೊಡುವ ನಿಯಮ 2021ರಲ್ಲಿ ಬಂದಿದೆ. ಈ ಕಾರಿಗೆ ಆ ಪ್ರಾಯವಾಗುವುದು 2034ರಲ್ಲಿ. ಅಷ್ಟರ ತನಕ ವಾರಕ್ಕೊಮ್ಮೆ ಹೊರಗೆ ತೆಗೆಯಬೇಕೆಂದು ಶಿಷ್ಯ ಮಾಷ್ಟ್ರಿಗೆ ಹೋಮ್‌ವರ್ಕ್ ಕೊಟ್ಟಿದ್ದಾರೆ.

ಹಳೇ ಕಾರಿನ ಕೀ ತಿರುಗದಿದ್ದರೆ

* ಮೊದಲು ಸ್ಟೀರಿಂಗ್ ಅಲುಗಿಸುತ್ತ ಕೀ ತಿರುಗಿಸಿ. ಚಕ್ರ ಕಲ್ಲಿಗೋ ಕಟ್ಟೆಗೋ ಒತ್ತಿದ್ದರೆ ಆ ಒತ್ತಡ ಬಿಡಿಸಿ.
* ಇಕ್ಕಳ ಬೇಡ. ಎರಡು ಬೆರಳಿನ ಬಲಕ್ಕಿಂತ ಹೆಚ್ಚು ಬಲ ಬೇಡ.
* ಮನೆಯಲ್ಲಿ ಇನ್ನೊಂದು ಕೀ ಇದೆಯೇ ಹುಡುಕಿ. ಕಡಿಮೆ ಬಳಸಿದ ಕೀಯಿಂದಲೇ ನಕಲು ಮಾಡಿಸಿ.
* ಸ್ಪ್ರೇ ಬಿಡುವ ಮೊದಲು ಬ್ಯಾಟರಿ ಕಳಚಿ. ಬೀಡಿ, ಸಿಗರೇಟು ದೂರವಿರಲಿ.
* ತೆಂಗಿನೆಣ್ಣೆ, ಇಂಜಿನ್ ಆಯಿಲ್, ಗ್ರೀಸ್ ಹಾಕಬೇಡಿ. ತೊಳೆದ ಮೇಲೆ ಒಣ ಗ್ರಾಫೈಟ್ ಸಾಕು.
* ಕೀ ಗೊಂಚಲು ಭಾರವಾಗದಿರಲಿ. ಓಡುವಾಗ ಅದು ತೂಗಾಡಿ ಬೀಗವನ್ನು ಸವೆಸುತ್ತದೆ.
* ಸ್ಟೀರಿಂಗ್ ಲಾಕ್ ಇರುವ ಕಾರಿನಲ್ಲಿ ಓಡುತ್ತಿರುವಾಗ ಕೀ ತೆಗೆಯಲೇಬಾರದು. ಇಳಿಜಾರಿನಲ್ಲಿ ಪೆಟ್ರೋಲ್ ಉಳಿಸಲೆಂದು ಆಫ್ ಮಾಡುವ ಅಭ್ಯಾಸವೂ ಬೇಡ. ಸ್ಟೀರಿಂಗಿಗೆ ಬೀಗ ಬಿದ್ದರೆ ಪ್ರಾಣಕ್ಕೇ ಅಪಾಯ.
* ನೋಂದಣಿ ನವೀಕರಣಕ್ಕೆ ಫಾರ್ಮ್ 25ರಲ್ಲಿ ಅರ್ಜಿ ಕೊಡಬೇಕು. ಅವಧಿ ಮುಗಿಯುವ 60 ದಿನ ಮೊದಲಿನಿಂದಲೇ ಕೊಡಬಹುದು. ಕೊನೆಯ ವಾರಕ್ಕೆ ಇಟ್ಟುಕೊಳ್ಳಬೇಡಿ.