ರಸ್ತೆಗೆ ನಿಧಿ, ರೈಲಿಗೆ ಸಮೀಕ್ಷೆ

ಪಯಸ್ವಿನಿಯ ದಡದ ಅಡೂರಿಗೆ ಹೊರಜಗತ್ತೆಂದರೆ ರಸ್ತೆಯೊಂದೇ. ಅಡಿಕೆ ಮಾರಲು ಸುಳ್ಯಕ್ಕೋ ಪುತ್ತೂರಿಗೋ, ಕಚೇರಿ ಕೆಲಸಕ್ಕೆ ಕಾಸರಗೋಡಿಗೆ, ದೊಡ್ಡ ಕಾಯಿಲೆಗೆ ಮಂಗಳೂರಿಗೆ ಹೋಗಬೇಕಾದರೂ ಬಸ್ಸು, ಜೀಪುಗಳೇ ಗತಿ. ಜಿಲ್ಲೆಯ ಕರಾವಳಿಯಲ್ಲಿ ರೈಲು ಓಡಲಾರಂಭಿಸಿ ಶತಮಾನ ಕಳೆಯಿತು. ಒಳನಾಡಿನ ಗುಡ್ಡಗಳಿಗೆ ಅದು ಇನ್ನೂ ಹತ್ತಿಲ್ಲ.

ಹತ್ತಬೇಕಾದ ಮಾರ್ಗವೊಂದು ಕಾಗದದಲ್ಲಿದೆ. ಕಾಞಂಗಾಡಿನಿಂದ ಪಾಣತ್ತೂರು, ಸುಳ್ಯಗಳ ಮೂಲಕ ಕಾಣಿಯೂರಿನಲ್ಲಿ ಮಂಗಳೂರು–ಹಾಸನ ಹಳಿಯನ್ನು ಸೇರುವ, ಸುಮಾರು 90 ಕಿ.ಮೀ. ಉದ್ದದ ಯೋಜನೆಯದು. ಸಮೀಕ್ಷೆ ಮುಗಿದಿದೆ, ಮನವಿಗಳು ಸಲ್ಲಿಕೆಯಾಗಿವೆ. ಅದು ಅಡೂರಿನ ಅಂಗಳಕ್ಕೇನೂ ಬರುವುದಲ್ಲ. ಆದರೆ ಸುಳ್ಯದವರೆಗೆ ಹೋದರೆ ರೈಲು ಸಿಕ್ಕೀತು.

ತಡವೇಕೆಂಬುದಕ್ಕೆ ಉತ್ತರ ಬಹುಮಟ್ಟಿಗೆ ಹಣದ ಹರಿವಿನಲ್ಲಿದೆ. ಪೆಟ್ರೋಲ್, ಡೀಸೆಲ್‌ಗಳ ಮೇಲಿನ ಸೆಸ್ಸನ್ನು 2000ದ ಕೇಂದ್ರ ರಸ್ತೆ ನಿಧಿ ಅಧಿನಿಯಮ ರಸ್ತೆಗಳಿಗೆಂದೇ ಮೀಸಲಿಟ್ಟಿತು. ಡೀಸೆಲ್ ಸೆಸ್ಸಿನ ಅರ್ಧ ಗ್ರಾಮೀಣ ರಸ್ತೆಗಳಿಗೆ. ಉಳಿದ ಮೊತ್ತದಲ್ಲಿ ಶೇ. 57.5 ರಾಷ್ಟ್ರೀಯ ಹೆದ್ದಾರಿಗೆ, ಶೇ. 30 ರಾಜ್ಯದ ರಸ್ತೆಗಳಿಗೆ. ರೈಲ್ವೆಗೆ ದೊರೆತದ್ದು ಶೇ. 12.5. ಅದೂ ಹೊಸ ಹಳಿಗಲ್ಲ, ಲೆವೆಲ್ ಕ್ರಾಸಿಂಗ್‌ಗಳಲ್ಲಿ ಮೇಲ್ಸೇತುವೆ, ಕೆಳಸೇತುವೆಗಳಿಗೆ! ಅಂದರೆ ರೈಲಿನ ಪಾಲಿನಿಂದಲೂ ಸುಗಮವಾದದ್ದು ವಾಹನ ಸಂಚಾರವೇ. 2018ರಲ್ಲಿ ನಿಧಿಯ ಹೆಸರಿಗೆ ‘ಮೂಲಸೌಕರ್ಯ’ ಎಂಬ ಪದ ಸೇರಿ ವ್ಯಾಪ್ತಿ ಹಿಗ್ಗಿತಾದರೂ ಅಷ್ಟರಲ್ಲಿ ಸುಮಾರು ಎರಡು ದಶಕಗಳು ಸಂದಿದ್ದವು. ಸ್ಕೂಟರಿಗೆ ಪೆಟ್ರೋಲ್ ಹಾಕಿಸುವ ಅಡೂರಿನ ಕೃಷಿಕನೂ ಈ ನಿಧಿಗೆ ಸಲ್ಲಿಸುತ್ತಲೇ ಇದ್ದಾನೆ.

ಹೊಸ ರೈಲು ಮಾರ್ಗಕ್ಕಾದರೋ ಮೊದಲ ಪ್ರಶ್ನೆಯೇ ಆದಾಯದ್ದು. ಹೂಡಿಕೆಗೆ ಶೇ. 14ರ ಪ್ರತಿಫಲ ಬರಬೇಕೆಂಬ ಮಾನದಂಡ ದೀರ್ಘಕಾಲ ಜಾರಿಯಲ್ಲಿತ್ತು. ಗುಡ್ಡದ ರಸ್ತೆಯೊಂದಕ್ಕೆ ಡಾಮರು ಹಾಕುವಾಗ ಈ ಲೆಕ್ಕ ಕೇಳಿದವರಿಲ್ಲ, ಕೇಳಬೇಕಾಗಿಯೂ ಇಲ್ಲ. ಜತೆಗೆ, ಇಂತಹ ಮಾರ್ಗಗಳ ವೆಚ್ಚದಲ್ಲಿ ರಾಜ್ಯಗಳೂ ಪಾಲು ಹೊರಬೇಕೆಂಬ ನಿರೀಕ್ಷೆ. ರಾಷ್ಟ್ರೀಯ ಹೆದ್ದಾರಿ 66ರ ಭೂಸ್ವಾಧೀನಕ್ಕೆ ಕೇರಳವೂ ಶೇ. 25 ತೆತ್ತಿದೆ ಎಂಬುದು ನಿಜ. ಆದರೆ ಅಲ್ಲಿ ಒಪ್ಪಬೇಕಾದದ್ದು ಒಂದೇ ರಾಜ್ಯ. ಇಲ್ಲಿ ತಿರುವನಂತಪುರ, ಬೆಂಗಳೂರುಗಳೆರಡೂ ಒಪ್ಪಬೇಕು.

ಕಾನೂನಿನ ತೊಡಕೆನ್ನುವಂತಿಲ್ಲ. ಹೆದ್ದಾರಿಗೆ 1956ರ ಅಧಿನಿಯಮ ಕೊಟ್ಟ ಶೀಘ್ರ ಭೂಸ್ವಾಧೀನದ ಅಧಿಕಾರವನ್ನು ಹೋಲುವ ವ್ಯವಸ್ಥೆಯನ್ನು ‘ವಿಶೇಷ ರೈಲ್ವೆ ಯೋಜನೆ’ಗಳಿಗೆ 2008ರ ತಿದ್ದುಪಡಿಯೇ ಒದಗಿಸಿದೆ. ಅದನ್ನು ಬಳಸಲು ಮೊದಲು ಯೋಜನೆಗೆ ಮಂಜೂರಾತಿ ದೊರೆಯಬೇಕು. ಗಡಿಯ ಈಚೆಗಿನವರು ಕೇರಳ ಸರಕಾರಕ್ಕೂ ಸುಳ್ಯದವರು ಕರ್ನಾಟಕ ಸರಕಾರಕ್ಕೂ ಬೇರೆಬೇರೆಯಾಗಿ ಬರೆಯುವ ಬದಲು, ವೆಚ್ಚದ ಪಾಲಿನ ಕುರಿತು ಎರಡೂ ಸರಕಾರಗಳ ಲಿಖಿತ ಒಪ್ಪಿಗೆಯನ್ನು ಒಟ್ಟಿಗೆ ಕೇಳುವ ಕಾಲ ಬಂದಿದೆ.