ಡಿಸೆಂಬರ್ ಕಛೇರಿಗೆ ಮದರಾಸಿಗೆ ಹೊರಟಿದ್ದೀರಾ?

ಧನುರ್ಮಾಸದ ಹುಗ್ಗಿ ಒಲೆಯ ಮೇಲೆ ಕುದಿಯುವ ಹೊತ್ತಿಗೆ ನಮ್ಮತ್ತೆಯ ಬಾಯಲ್ಲಿ ಪ್ರತಿ ವರ್ಷ ಅದೇ ಮಾತು. "ಈಗ ಮದರಾಸಿನಲ್ಲಿ ಕಛೇರಿ ನಡೀತಿರತ್ತೆ ಕಣೇ. ಒಂದ್ಸಲ ಅಲ್ಲಿ ಕೂತು ಕೇಳಬೇಕು." ಊರಿನ ಹೆಸರು 1996ರಲ್ಲೇ ಚೆನ್ನೈ ಆಯಿತು. ಆದರೆ ಅತ್ತೆಗೆ ಅದು ಇವತ್ತಿಗೂ ಮದರಾಸು.

ಅತ್ತೆ ಹುಡುಗಿಯಾಗಿದ್ದಾಗ ಐದು ವರ್ಷ ಹಾಡುಗಾರಿಕೆ ಕಲಿತಿದ್ದರಂತೆ. ವರ್ಣ ಮುಗಿದು ಕೃತಿಗೆ ಬಂದಿದ್ದರು. ಮದುವೆಯಾಗಿ ಅರಸೀಕೆರೆಯ ಈ ತುಂಬಿದ ಮನೆಗೆ ಬಂದ ಮೇಲೆ ಶ್ರುತಿಪೆಟ್ಟಿಗೆ ಅಟ್ಟ ಸೇರಿತು. ಮಿಕ್ಕಿದ್ದೆಲ್ಲ ರೇಡಿಯೋ. ಈಗ ಅವರಿಗೆ 74. ಮಂಡಿನೋವು, ಸ್ವಲ್ಪ ಬಿ.ಪಿ. "ಇನ್ನು ಯಾವಾಗ ಹೋಗೋದು?" ಅಂತ ನನಗೇ ಕಸಿವಿಸಿಯಾಗಿ, ಚೀಟಿ ಹಣ ಕೈಗೆ ಬಂದ ವರ್ಷ ಹೊರಟೇಬಿಟ್ಟೆವು.

ಆ ಮೊದಲ ಸಲ ನಾನು ಮಾಡಿದ ಎಡವಟ್ಟುಗಳನ್ನು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ. ಅದರಿಂದ ನಿಮಗಾದರೂ ಉಪಯೋಗವಾಗಲಿ.

ಮೊದಲ ಸಲ ಆದದ್ದು

ಒಂದು ತಿಂಗಳಿಂದ ತಯಾರಿ ನಡೆಸಿದ್ದೆ. ಯಾವ ಸೀರೆ, ಎಷ್ಟು ಚಕ್ಕುಲಿ, ಯಾವ ಡಬ್ಬಿಯಲ್ಲಿ ಚಟ್ನಿಪುಡಿ ಎಲ್ಲ ಪಟ್ಟಿಯಾಗಿತ್ತು. ರೂಮಿನ ವಿಷಯ ಮಾತ್ರ "ಹೋಗಿ ನೋಡಿಕೊಂಡರಾಯ್ತು" ಎಂದು ಬಿಟ್ಟಿದ್ದೆ. ಬೆಂಗಳೂರಿನಿಂದ ಮಧ್ಯಾಹ್ನದ ರೈಲು ಹತ್ತಿದೆವು. ಸೆಂಟ್ರಲ್‌ನಲ್ಲಿ ಇಳಿದಾಗ ರಾತ್ರಿ ಒಂಬತ್ತು ದಾಟಿತ್ತು, ಮಳೆ ಬೇರೆ. ಎರಡು ಕಡೆ "ರೂಮಿಲ್ಲ" ಎಂದರು. ಮೂರನೆಯ ಕಡೆ ಸಿಕ್ಕಿದ್ದು ಮೂರನೇ ಮಹಡಿ, ಲಿಫ್ಟ್ ಇಲ್ಲ. ಸಭೆಗಳಿರುವ ಕಡೆಗೆ ಅಲ್ಲಿಂದ ಆಟೋದಲ್ಲೇ ಮುಕ್ಕಾಲು ಗಂಟೆ.

ಮಾರನೆಯ ದಿನ ಒಂದು ಕಛೇರಿ ಕೇಳಿ ಬಂದು, ಆ ಮೆಟ್ಟಿಲು ಹತ್ತುವಷ್ಟರಲ್ಲಿ ಅತ್ತೆಯ ಮಂಡಿ ಊದಿಕೊಂಡಿತು. ಆಮೇಲಿನ ಎರಡು ದಿನ ಅವರು ಮಂಚ ಬಿಟ್ಟು ಏಳಲಿಲ್ಲ. ಅವರು ಕೇಳಬೇಕೆಂದು ಕನಸು ಕಂಡಿದ್ದ ಗಾಯಕಿಯ ಕಛೇರಿ ಆ ಸಂಜೆಯೇ ಇತ್ತು. ನಾವು ರೂಮಿನಲ್ಲಿ ಕುಳಿತು ನನ್ನ ಮೊಬೈಲಿನಲ್ಲಿ ಅದೇ ಗಾಯಕಿಯ ಹಳೆಯ ಧ್ವನಿಮುದ್ರಣ ಹಾಕಿಕೊಂಡು ಕೇಳಿದೆವು. "ಹೋಗ್ಲಿ ಬಿಡೇ, ಅರಸೀಕೆರೇಲೂ ಇದನ್ನೇ ಕೇಳ್ತಿದ್ವಲ್ಲ" ಅಂದರು ಅತ್ತೆ, ನಗುತ್ತಲೇ. ಬೈದಿದ್ದರೆ ನನಗೆ ಅಷ್ಟು ನೋವಾಗುತ್ತಿರಲಿಲ್ಲ.

ಮನೆಗೆ ಬಂದ ಮೇಲೆ ಒಂದು ನೋಟುಬುಕ್ಕು ಹಾಕಿದೆ. ಮುಂದಿನ ಡಿಸೆಂಬರಿಗೆ ಅದರ ಪ್ರಕಾರವೇ ಹೊರಟೆವು. ಆ ನೋಟುಬುಕ್ಕಿನ ಸಾರವನ್ನೇ ಕೆಳಗೆ ಕೊಟ್ಟಿದ್ದೇನೆ.

ಈ ಹಬ್ಬ ಎಂಥದು?

1927ರ ಡಿಸೆಂಬರಿನಲ್ಲಿ ಮದರಾಸಿನಲ್ಲಿ ಕಾಂಗ್ರೆಸ್ ಅಧಿವೇಶನ ನಡೆದಾಗ ಜೊತೆಗೆ ಒಂದು ಸಂಗೀತ ಸಮ್ಮೇಳನವೂ ನಡೆಯಿತು. ಅದರ ಫಲವಾಗಿ 1928ರಲ್ಲಿ ಮ್ಯೂಸಿಕ್ ಅಕಾಡೆಮಿ ಹುಟ್ಟಿತು. ಅದರ ಡಿಸೆಂಬರ್ ಉತ್ಸವದ ಸುತ್ತ ಒಂದೊಂದಾಗಿ ಬೇರೆ ಸಭೆಗಳ ಉತ್ಸವಗಳೂ ಸೇರಿಕೊಂಡವು. ಈಗ ಬಹುಪಾಲು ಸಭೆಗಳಲ್ಲಿ ಡಿಸೆಂಬರ್ ಮಧ್ಯದಿಂದ ಜನವರಿ ಆರಂಭದವರೆಗೆ ಬೆಳಗಿನಿಂದ ರಾತ್ರಿವರೆಗೂ ಸಂಗೀತವೇ. 2017ರಲ್ಲಿ ಯುನೆಸ್ಕೋ ಚೆನ್ನೈಯನ್ನು ಸಂಗೀತದ ಸೃಜನಶೀಲ ನಗರಗಳ ಸಾಲಿಗೆ ಸೇರಿಸಿತು.

ನಮ್ಮವರಿಗೂ ಅಲ್ಲಿ ನಂಟಿದೆ. ಅಕಾಡೆಮಿಯ ದೊಡ್ಡ ಸಭಾಂಗಣವನ್ನು 1962ರಲ್ಲಿ ಉದ್ಘಾಟಿಸಿದವರು ಮೈಸೂರಿನ ಜಯಚಾಮರಾಜ ಒಡೆಯರು. ಅಲ್ಲಿನ ಸಂಗೀತ ಕಲಾನಿಧಿ ಬಿರುದು ನಮ್ಮ ಪಿಟೀಲು ಚೌಡಯ್ಯನವರಿಗೆ 1957ರಲ್ಲಿ, ವೀಣೆ ದೊರೆಸ್ವಾಮಿ ಅಯ್ಯಂಗಾರ್ಯರಿಗೆ 1984ರಲ್ಲಿ, ಆರ್.ಕೆ. ಶ್ರೀಕಂಠನ್ ಅವರಿಗೆ 1995ರಲ್ಲಿ ಸಂದಿತು. ಆ ಬಿರುದು ಪಡೆದ ಮೊದಲ ಹೆಂಗಸು ಎಂ.ಎಸ್. ಸುಬ್ಬುಲಕ್ಷ್ಮಿ, 1968ರಲ್ಲಿ. ಇದನ್ನೆಲ್ಲ ಅತ್ತೆ ರೈಲಿನಲ್ಲಿ ಮೊಮ್ಮಗಳಿಗೆ ಪಾಠದಂತೆ ಹೇಳಿಕೊಂಡು ಬಂದರು.

ದಿನ ಗೊತ್ತುಮಾಡುವುದು

ಚೆನ್ನೈಗೆ ಮಳೆಗಾಲವೆಂದರೆ ಅಕ್ಟೋಬರಿನಿಂದ ಡಿಸೆಂಬರ್. ಡಿಸೆಂಬರ್ ಮೊದಲ ಭಾಗವನ್ನು ನಂಬಬೇಡಿ. 2015ರ ಡಿಸೆಂಬರ್ ಮೊದಲ ದಿನಗಳಲ್ಲಿ ಊರು ಮುಳುಗಿತ್ತು. 2016ರ ಡಿಸೆಂಬರ್ 12ರಂದು ವಾರ್ದಾ ಚಂಡಮಾರುತ ಬಂದಿತ್ತು. 2023ರಲ್ಲಿ ಮಿಚಾಂಗ್ ಬಂದದ್ದೂ ತಿಂಗಳ ಮೊದಲ ವಾರದಲ್ಲೇ. ಇಪ್ಪತ್ತನೇ ತಾರೀಖಿನ ಆಚೆಗೆ ಹೊರಟರೆ ಮಳೆಯ ಕಾಟ ಸಾಮಾನ್ಯವಾಗಿ ಕಡಿಮೆ. ಮಕ್ಕಳಿಗೆ ಕ್ರಿಸ್ಮಸ್ ರಜೆಯೂ ಕೂಡಿಬರುತ್ತದೆ. ಆದರೂ ಕೊಡೆ ಮರೆಯಬೇಡಿ.

ನಾಲ್ಕು ರಾತ್ರಿ ಸಾಕು. ದಿನಕ್ಕೆ ಎರಡು ಕಛೇರಿಗಿಂತ ಹೆಚ್ಚು ಬೇಡ. ಮೊದಲ ಸಲ ಹೋದವರಿಗೆ ಎಲ್ಲವನ್ನೂ ಕೇಳಿಬಿಡುವ ಆಸೆ ಇರುತ್ತದೆ. ಹಾಗೆ ಮಾಡಿದರೆ ಮೂರನೇ ದಿನ ಕಿವಿಯೂ ಸೋಲುತ್ತದೆ, ಸೊಂಟವೂ ಸೋಲುತ್ತದೆ.

ರೈಲು

ಇಲ್ಲೊಂದು ಸೂಕ್ಷ್ಮ ಇದೆ. ರೈಲಿನ ಮುಂಗಡ ಟಿಕೆಟ್ ಹೊರಡುವ ದಿನಕ್ಕೆ 60 ದಿನ ಮುಂಚೆ, ಬೆಳಗ್ಗೆ 8 ಗಂಟೆಗೆ ತೆರೆಯುತ್ತದೆ. 2024ರ ನವೆಂಬರಿನ ಮೊದಲು ಇದು 120 ದಿನ ಇತ್ತು. ಹಾಗಾಗಿ ಡಿಸೆಂಬರ್ 20ಕ್ಕೆ ಹೊರಡುವವರು ಅಕ್ಟೋಬರ್ 21ರ ಬೆಳಗ್ಗೆಯೇ ಟಿಕೆಟ್ ಮಾಡಿಸಬೇಕು. ಆ ಹೊತ್ತಿಗೆ ಯಾರ ಕಛೇರಿ ಯಾವ ದಿನ ಎಂಬ ಪಟ್ಟಿ ಪೂರ್ತಿ ಕೈಗೆ ಸಿಕ್ಕಿರುವುದಿಲ್ಲ. ಅದಕ್ಕೆ ಕಾಯಬೇಡಿ. ಮೊದಲು ದಿನ ಗೊತ್ತುಮಾಡಿ, ರೈಲು ಹಿಡಿಯಿರಿ. ಯಾವ ನಾಲ್ಕು ದಿನ ಹೋದರೂ ಒಳ್ಳೆಯ ಸಂಗೀತ ಸಿಕ್ಕೇ ಸಿಗುತ್ತದೆ. ವಾಪಸು ಟಿಕೆಟ್ ತೆರೆಯುವ ದಿನ ಬೇರೆ. ಅದನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ, ನನ್ನ ಹಾಗೆ ಮರೆಯಬೇಡಿ.

ಬೆಂಗಳೂರಿನಿಂದ ಚೆನ್ನೈಗೆ ಸುಮಾರು 360 ಕಿಲೋಮೀಟರ್. ಮೈಸೂರಿನ ಕಡೆಯವರಿಗೆ ಕಾವೇರಿ ಎಕ್ಸ್‌ಪ್ರೆಸ್ ರಾತ್ರಿಯ ರೈಲು. ಬೇಗ ಹೋಗಬೇಕೆನ್ನುವವರಿಗೆ 2022ರಲ್ಲಿ ಶುರುವಾದ ವಂದೇ ಭಾರತ್ ಇದೆ, ದರ ಸ್ವಲ್ಪ ಜಾಸ್ತಿ. ವಯಸ್ಸಾದವರ ಜೊತೆಗೆ ನನ್ನ ಆಯ್ಕೆ ಬೆಂಗಳೂರಿನಿಂದ ಬೆಳಗ್ಗೆ ಹೊರಡುವ ಲಾಲ್‌ಬಾಗ್ ಎಕ್ಸ್‌ಪ್ರೆಸ್. ಮಧ್ಯಾಹ್ನಕ್ಕೆ ಸೇರಿಸುತ್ತದೆ. ಹಗಲು ಬೆಳಕಿನಲ್ಲಿ ಹೊಸ ಊರಿಗೆ ಇಳಿಯುವುದೇ ಅರ್ಧ ನೆಮ್ಮದಿ. ರೂಮು ಕೊಡುವ ಹೊತ್ತಿಗೂ ಸರಿಹೋಗುತ್ತದೆ. ನಾವು ಹಿಂದಿನ ರಾತ್ರಿ ಬೆಂಗಳೂರಿನಲ್ಲಿ ನಾದಿನಿಯ ಮನೆಯಲ್ಲಿ ಉಳಿದೆವು.

ಇನ್ನೆರಡು ಮಾತು. ರಾತ್ರಿಯ ರೈಲಾದರೆ ಹಿರಿಯರಿಗೂ 45 ದಾಟಿದ ಹೆಂಗಸರಿಗೂ ಕೆಳಗಿನ ಬರ್ತ್‌ಗೆ ಪ್ರತ್ಯೇಕ ಕೋಟಾ ಇದೆ. ಟಿಕೆಟ್ ಮಾಡಿಸುವಾಗ ಸರಿಯಾದ ವಯಸ್ಸು ಬರೆಸಿ, ನಾಚಿಕೆ ಬೇಡ! ಹಿರಿಯರ ದರ ರಿಯಾಯಿತಿ 2020ರ ಮಾರ್ಚಿನಲ್ಲಿ ನಿಂತಿತು. ಆದ್ದರಿಂದ ಲೆಕ್ಕಕ್ಕೆ ಪೂರ್ತಿ ದರವನ್ನೇ ಹಿಡಿಯಿರಿ.

ಉಳಿಯುವ ಜಾಗ

ಸಭೆಗಳು ಮುಖ್ಯವಾಗಿ ಮೂರು ಗುಂಪಿನಲ್ಲಿವೆ. ಅಕಾಡೆಮಿ ಮತ್ತು ನಾರದ ಗಾನ ಸಭಾ ಎರಡೂ ಟಿ.ಟಿ.ಕೆ. ರಸ್ತೆಯಲ್ಲಿ. ಭಾರತೀಯ ವಿದ್ಯಾಭವನ, ಮೈಲಾಪುರ ಫೈನ್ ಆರ್ಟ್ಸ್ ಕ್ಲಬ್ ಮೈಲಾಪುರದಲ್ಲಿ. ಕೃಷ್ಣ ಗಾನ ಸಭಾ, ವಾಣಿ ಮಹಲ್ ಟಿ. ನಗರದಲ್ಲಿ. ಇವಲ್ಲದೆ ಕಲಾಕ್ಷೇತ್ರ ದಕ್ಷಿಣಕ್ಕೆ ತಿರುವಾನ್ಮಿಯೂರಿನಲ್ಲಿ, ಸಮುದ್ರಕ್ಕೆ ಹತ್ತಿರ.

ಮೊದಲ ಸಲ ಹೋಗುವವರಿಗೆ ಮೈಲಾಪುರವೇ ವಾಸಿ. ಕಪಾಲೀಶ್ವರನ ಗುಡಿ, ಮಾಡಬೀದಿಗಳು, ಹೂವಿನಂಗಡಿ, ಕಾಫಿ ಎಲ್ಲ ನಡೆದು ಹೋಗುವಷ್ಟು ಹತ್ತಿರ. ಧನುರ್ಮಾಸದಲ್ಲಿ ಬೆಳಗಿನ ಜಾವ ಮಾಡಬೀದಿಯಲ್ಲಿ ಭಜನೆ ಮಾಡುತ್ತ ಹೋಗುವವರನ್ನು ಕಾಣಬಹುದು. ಮರೀನಾ ಬೀಚೂ ದೂರವಿಲ್ಲ.

ರೂಮು ಗೊತ್ತುಮಾಡುವಾಗ ಫೋನಿನಲ್ಲಿ ಇಷ್ಟನ್ನು ಕೇಳಿ:

1. ರೂಮು ಎಷ್ಟನೇ ಮಹಡಿ? ಲಿಫ್ಟ್ ಇದೆಯೇ? ರಸ್ತೆಯಿಂದ ಲಿಫ್ಟಿನವರೆಗೆ ಎಷ್ಟು ಮೆಟ್ಟಿಲು? (ಕೊನೆಯ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ!)

2. ಕಮೋಡ್ ಇದೆಯೇ? ಬಿಸಿನೀರು ದಿನವಿಡೀ ಬರುತ್ತದೆಯೇ, ಬೆಳಗ್ಗೆ ಮಾತ್ರವೇ?

3. ಬಾಡಿಗೆ 24 ಗಂಟೆಯ ಲೆಕ್ಕವೋ, ಮಧ್ಯಾಹ್ನದಿಂದ ಮಧ್ಯಾಹ್ನಕ್ಕೋ? ರಾತ್ರಿ ರೈಲಿನವರು ಮುಂಜಾನೆಯೇ ಇಳಿಯುತ್ತಾರೆ. ಇದನ್ನು ಕೇಳದಿದ್ದರೆ ಒಂದು ದಿನದ ಬಾಡಿಗೆ ಸುಮ್ಮನೆ ಹೋಗುತ್ತದೆ.

4. ಮುಂಗಡ ಎಷ್ಟು? ಪ್ರಯಾಣ ನಿಂತರೆ ಎಷ್ಟು ವಾಪಸು?

5. ಮೂರನೆಯವರಿಗೆ ಹಾಸಿಗೆ ಹಾಕಿಕೊಡುತ್ತಾರೆಯೇ?

ಉತ್ತರವನ್ನು ಫೋನಿನಲ್ಲೇ ಬರೆಸಿ ತರಿಸಿಕೊಳ್ಳಿ. ಬಾಯಿಮಾತು ಸಾಲದು. ಎಲ್ಲರ ಆಧಾರ್ ಕಾರ್ಡೂ ಜೊತೆಗಿರಲಿ. ನಾಲ್ಕಾರು ಜನ ಹೋಗುವುದಾದರೆ ಅಡಿಗೆಮನೆ ಇರುವ ಸರ್ವೀಸ್ ಅಪಾರ್ಟ್‌ಮೆಂಟ್ ತಲೆಗಿಷ್ಟು ಎಂದು ಲೆಕ್ಕ ಹಾಕಿದರೆ ಹಗುರವಾಗಬಹುದು. ಹತ್ತಿರದ ರೂಮಿಗೆ ಬಾಡಿಗೆ ಹೆಚ್ಚೆಂದು ದೂರ ಹೋಗುವ ಮುನ್ನ ನಾಲ್ಕು ದಿನದ ಆಟೋ ಖರ್ಚನ್ನು ಕೂಡಿಸಿ ನೋಡಿ. ನಾನು ಮೊದಲ ಸಲ ಉಳಿಸಿದೆನೆಂದುಕೊಂಡ ಹಣವೆಲ್ಲ ಆಟೋಗೇ ಹೋಗಿತ್ತು.

ಊರೊಳಗೆ ಓಡಾಟ

ಸೆಂಟ್ರಲ್ ಪಕ್ಕದ ಪಾರ್ಕ್ ಟೌನ್ ನಿಲ್ದಾಣದಿಂದ ಮೈಲಾಪುರದ ತಿರುಮಯಿಲೈಗೆ ಎತ್ತರದ ಹಳಿಯ ಮೇಲೆ ಲೋಕಲ್ ರೈಲಿದೆ, ಬಹಳ ಅಗ್ಗ. ಆದರೆ ಸಾಮಾನು, ಮಂಡಿನೋವು ಎರಡೂ ಇದ್ದರೆ ಬಂದ ದಿನ ಟ್ಯಾಕ್ಸಿಯೇ ಸರಿ. ಸೆಂಟ್ರಲ್‌ನಲ್ಲಿ ವೀಲ್‌ಚೇರ್ ಕೇಳಿ ಪಡೆಯಬಹುದು. ಅತ್ತೆ ಮೊದಲು "ನಾನೇನು ರೋಗಿಷ್ಟಳೇ?" ಎಂದು ಮುಖ ಗಂಟಿಕ್ಕಿದರು. ಆ ಉದ್ದದ ಪ್ಲಾಟ್‌ಫಾರಂ ನೋಡಿದ ಮೇಲೆ ಸುಮ್ಮನೆ ಕುಳಿತರು.

ಸಂಜೆಯ ಕಛೇರಿಗೆ ಹೊರಡುವಾಗ ಒಂದು ಗಂಟೆ ಕೈಯಲ್ಲಿರಲಿ. ರಾತ್ರಿ ವಾಪಸು ಬರುವುದಕ್ಕೆ ಮೊದಲೇ ಗಾಡಿ ಗೊತ್ತುಮಾಡಿ. ಕಛೇರಿ ಬಿಟ್ಟಾಗ ಎಲ್ಲರೂ ಒಟ್ಟಿಗೆ ಹೊರಗೆ ಬರುತ್ತಾರೆ. ಮಂಗಳ ಮುಗಿಯುವವರೆಗೆ ಕೂತಿದ್ದು, ಜನ ಕರಗಿದ ಮೇಲೆ ನಿಧಾನವಾಗಿ ಎದ್ದರೆ ಮರ್ಯಾದೆಯೂ ಹೌದು, ಅನುಕೂಲವೂ ಹೌದು.

ಟಿಕೆಟ್, ಊಟ

ಸಂಜೆಯ ಹಿರಿಯರ ಕಛೇರಿಗಳಿಗೆ ಟಿಕೆಟ್ ಬೇಕು. ಹೆಸರಾದವರದು ಬೇಗ ಮುಗಿಯುತ್ತದೆ. ಮಧ್ಯಾಹ್ನ ಕಿರಿಯರು ಹಾಡುತ್ತಾರೆ, ಅವುಗಳಲ್ಲಿ ಎಷ್ಟೋ ಉಚಿತ. ಸಭಾಂಗಣದಲ್ಲಿ ಎ.ಸಿ. ಜೋರು, ಒಂದು ಶಾಲು ಬೇಕೇ ಬೇಕು. ಟಿಕೆಟ್ ಕೊಳ್ಳುವಾಗ ಸಾಲಿನ ಅಂಚಿನ ಕುರ್ಚಿ ಕೇಳಿ. ನಡುವೆ ಏಳಬೇಕಾದರೆ ಯಾರಿಗೂ ತೊಂದರೆಯಿಲ್ಲ.

ಸಭೆಯ ಕ್ಯಾಂಟೀನುಗಳೇ ಒಂದು ಹಬ್ಬ. ಬಾಳೆಲೆ ಊಟ, ಪೊಂಗಲ್, ವಡೆ, ಕಾಫಿ. ಆದರೂ ಮನೆಯ ಬುತ್ತಿ ಇರಲಿ. ಪುಳಿಯೋಗರೆ ಗೊಜ್ಜನ್ನು ಎಣ್ಣೆ ಬಿಡುವವರೆಗೂ ಕುದಿಸಿ, ಆರಿದ ಮೇಲೆ ಒಣಗಿದ ಡಬ್ಬಿಗೆ ತುಂಬಿ. ಅನ್ನ ಸಿಕ್ಕಿದ ಕಡೆ ಕಲಸಿಕೊಂಡರಾಯಿತು. ರಾತ್ರಿ ಕಛೇರಿ ಮುಗಿದು ತಡವಾದಾಗ ಹುರಿದ ಅವಲಕ್ಕಿ, ಬಾಳೆಹಣ್ಣು ನಮ್ಮನ್ನು ಕಾಪಾಡಿತು. ಮಾತ್ರೆಗಳನ್ನು ಮಾತ್ರ ಸೂಟ್‌ಕೇಸಿನಲ್ಲಿ ಇಡಬೇಡಿ, ಕೈಚೀಲದಲ್ಲಿರಲಿ.

ಮನೆಯಲ್ಲಿ ಉಳಿದವರ ಬಗ್ಗೆ ಯೋಚನೆಯೇ? ನಾನು ಹುಳಿಪುಡಿ, ಸಾರಿನ ಪುಡಿ ಡಬ್ಬಿಗಳಿಗೆ ಚೀಟಿ ಅಂಟಿಸಿ ಹೋಗಿದ್ದೆ. ಯಜಮಾನರೂ ಮಗನೂ ಅನ್ನ ಸಾರು ಮಾಡಿಕೊಂಡು ಸುಖವಾಗಿಯೇ ಇದ್ದರು. ಹಾಲು ಎರಡು ಸಲ ಉಕ್ಕಿತಂತೆ, ಅಷ್ಟೇ.

ಎರಡನೇ ಸಲ

ಈ ಸಲ ಅತ್ತೆ ನಾಲ್ಕು ದಿನವೂ ಕಛೇರಿಗೆ ಬಂದರು. ದೊಡ್ಡವರದು ಎರಡು ಕೇಳಿದರು. ಆದರೆ ಅವರು ಇವತ್ತಿಗೂ ಹೇಳುವುದು ಒಂದು ಮಧ್ಯಾಹ್ನದ ಉಚಿತ ಕಛೇರಿಯ ವಿಷಯ. ಅರ್ಧ ಸಭೆ ಖಾಲಿ. ಹದಿನೆಂಟೋ ಹತ್ತೊಂಬತ್ತೋ ವರ್ಷದ ಹುಡುಗಿ. ಕೊನೆಯಲ್ಲಿ ಒಂದು ಪುರಂದರದಾಸರ ಪದ ಎತ್ತಿಕೊಂಡಳು. ಅತ್ತೆಯ ಗುರುಗಳು ಅದನ್ನೇ ಹೇಳಿಕೊಟ್ಟಿದ್ದರಂತೆ. ತೊಡೆಯ ಮೇಲೆ ತಾಳ ಹಾಕುತ್ತಿದ್ದ ಕೈ ಒಂದು ಗಳಿಗೆ ನಿಂತಿತು, ಮತ್ತೆ ಶುರುವಾಯಿತು. ನಾನು ಅವರ ಮುಖ ನೋಡಲಿಲ್ಲ, ಶಾಲನ್ನು ಸರಿಮಾಡಿದೆ.

ಸಂಜೆ ಮರೀನಾದಲ್ಲಿ ಮರಳ ಮೇಲೆ ಕುರ್ಚಿ ಹಾಕಿಸಿ ಕೂರಿಸಿದೆವು. (ಅಲ್ಲಿ ನೀರಿನ ಸೆಳೆತ ಅಪಾಯಕಾರಿ. ಮಕ್ಕಳನ್ನು ನೀರಿಗೆ ಬಿಡಬೇಡಿ.) "ಆ ಹುಡುಗಿ ಚೆನ್ನಾಗಿ ಹಾಡಿದಳು. ಚರಣದಲ್ಲಿ ಮಾತ್ರ ಒಂದು ಸಂಗತಿ ಬಿಟ್ಟಳು" ಅಂದರು ಅತ್ತೆ. ಮೊಮ್ಮಗಳು, "ಹಾಗಾದ್ರೆ ನೀವು ಹಾಡಿ ತೋರಿಸಿ ಅಜ್ಜಿ" ಎಂದಳು. ಅತ್ತೆ ಅತ್ತಿತ್ತ ನೋಡಿ, ಮೆಲ್ಲಗೆ ಹಾಡಿ ತೋರಿಸಿದರು. ನಾನು ಸೊಸೆಯಾಗಿ ಬಂದು ಇಪ್ಪತ್ತೆರಡು ವರ್ಷ. ಅವರ ಕೊರಳು ಕೇಳಿದ್ದು ಅದೇ ಮೊದಲು.

ನಿಮ್ಮ ಮನೆಯಲ್ಲೂ ಹೀಗೆ "ಒಂದ್ಸಲ ಹೋಗಬೇಕು" ಎನ್ನುವ ಹಿರಿಯರು ಇರಬಹುದು. ಅಕ್ಟೋಬರಿನಲ್ಲೇ ನೋಟುಬುಕ್ಕು ತೆಗೆಯಿರಿ. ಸೀರೆಯ ಪಟ್ಟಿ ಆಮೇಲೆ. ಮೊದಲು ಮೆಟ್ಟಿಲು ಎಷ್ಟಿವೆ ಎಂದು ಕೇಳಿ.