ಬೀಜ, ಕ್ಷೇತ್ರ ಮತ್ತು ಶಿಶುವಿನ ತೂಕ

ಬೀಜದಂತೆ ವೃಕ್ಷವೆಂಬುದು ಲೋಕರೂಢಿ. ಶಿಶುವು ಕೃಶವಾಗಿ ಜನಿಸಿದರೆ ಅದರ ಕಾರಣವನ್ನು ವಂಶದಲ್ಲಿಯೇ ಅರಸಿ, ಕಡೆಗೆ ಸೊಸೆಯ ತವರನ್ನು ದೂಷಿಸುವವರುಂಟು. ಇದು ಸಾಧುವೆ?

1938ರಲ್ಲಿ ಕೇಂಬ್ರಿಜ್‌ನ ವಾಲ್ಟನ್ ಮತ್ತು ಹ್ಯಾಮಂಡ್ ಎಂಬ ವಿಜ್ಞಾನಿಗಳು ಮಹಾಕಾಯದ ಶೈರ್ ಕುದುರೆಗೂ ಕುಬ್ಜವಾದ ಶೆಟ್ಲೆಂಡ್ ತಳಿಗೂ ಎರಡು ಬಗೆಯಾಗಿ ಸಂಕರ ಮಾಡಿಸಿದ ವೃತ್ತಾಂತವನ್ನು ಪ್ರಕಟಿಸಿದರು. ಉಭಯ ಮರಿಗಳ ಆನುವಂಶಿಕ ಸಂಪತ್ತು ಬಹುಮಟ್ಟಿಗೆ ಸಮಾನ. ಆದರೂ ಶೈರ್ ತಾಯಿಯ ಮರಿಯು ಹುಟ್ಟುವಾಗ ಶೆಟ್ಲೆಂಡ್ ತಾಯಿಯ ಮರಿಗಿಂತ ಸುಮಾರು 3 ಪಟ್ಟು ತೂಗಿತು. ಬೀಜದಷ್ಟೇ ಕ್ಷೇತ್ರವೂ ಪ್ರಧಾನವೆಂಬುದು ಇದರಿಂದ ವಿದಿತವಾಯಿತು.

ಹಾಗೆಂದು ತಂದೆಯ ಪಾಲು ಅಲ್ಪವಲ್ಲ. ಭ್ರೂಣವನ್ನು ಬೆಳೆಸುವ ಒಂದು ಮುಖ್ಯ ಜೀನಿನಲ್ಲಿ ತಂದೆಯಿಂದ ಬಂದ ಪ್ರತಿಯು ಮಾತ್ರ ಕಾರ್ಯಶೀಲವಾಗಿದ್ದು, ತಾಯಿಯ ಪ್ರತಿಯು ಬಹುತೇಕ ಸುಪ್ತವಾಗಿರುವುದು 1991ರಲ್ಲಿ ಇಲಿಗಳಲ್ಲಿ ಕಂಡುಬಂತು. ಅನಂತರ ಮನುಷ್ಯರಲ್ಲಿಯೂ ದೃಢಪಟ್ಟಿತು.

ಮಗುವಿನ ಜೀನುಗಳು, ತಾಯಿಯ ಜೀನುಗಳು, ಮಾಸಿನ ಸಾಮರ್ಥ್ಯ, ಗರ್ಭಿಣಿಯ ಆಹಾರ ಮತ್ತು ಆರೋಗ್ಯ ಇವೆಲ್ಲವೂ ಕೂಡಿ ಜನನದ ತೂಕವನ್ನು ನಿರ್ಣಯಿಸುತ್ತವೆ. 2,500 ಗ್ರಾಂಗಿಂತ ಕಡಿಮೆ ತೂಗುವ ಶಿಶುವಿಗೆ ವಿಶೇಷ ಆರೈಕೆ ಅವಶ್ಯ. ವಂಶವನ್ನು ಬದಲಿಸುವುದು ನಮ್ಮ ಕೈಯಲ್ಲಿಲ್ಲ. ಗರ್ಭಿಣಿಗೆ ಹೊಟ್ಟೆ ತುಂಬ ಉಣಬಡಿಸಿ, ಸಕಾಲದಲ್ಲಿ ವೈದ್ಯರಿಗೆ ತೋರಿಸುವುದು ನಮ್ಮ ಕೈಯಲ್ಲಿದೆ. ಸೊಸೆಯನ್ನು ದೂಷಿಸುವ ನಾಲಗೆ ಮೊದಲು ಅವಳ ಊಟವಾಯಿತೇ ಎಂದು ವಿಚಾರಿಸಲಿ.